ಮುಗಿಯದ ಕಥೆಯಲ್ಲಿ ಸಾವಿನ ಬೆಲೆ: ‘ಎಕ್ಸ್-ಮೆನ್’ ಅಭಿಮಾನಿಯ ಒಂದು ತಕರಾರು

1

ಅಂತ್ಯವಿರುವ ಕೃತಿಯನ್ನು ಓದುವ ಕ್ರಮ ಬೇರೆ, ಅಂತ್ಯವೇ ಇಲ್ಲದ ಕೃತಿಯನ್ನು ಓದುವ ಕ್ರಮ ಬೇರೆ. ಕಾದಂಬರಿಯನ್ನು ಹಿಡಿದ ಓದುಗನಿಗೆ ಬಲಗೈಯಲ್ಲಿ ಉಳಿದಿರುವ ಪುಟಗಳ ದಪ್ಪವೇ ಕಥೆ ಎಷ್ಟು ದೂರದಲ್ಲಿ ಮುಗಿಯಲಿದೆ ಎಂಬುದನ್ನು ಸೂಚಿಸುತ್ತಿರುತ್ತದೆ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಮಾಲಿಕೆಯೊಂದನ್ನು ತಿಂಗಳಿಂದ ತಿಂಗಳಿಗೆ ಹಿಂಬಾಲಿಸುವವನಿಗೆ ಈ ಸೌಲಭ್ಯವಿಲ್ಲ. ಇಪ್ಪತ್ತರ ಆಸುಪಾಸಿನ ಪುಟಗಳ ಒಂದು ಸಂಚಿಕೆ ಮುಗಿಯುವಾಗ ಮುಂದಿನ ಸಂಚಿಕೆಯ ಆಮಂತ್ರಣವಿರುತ್ತದೆ. ಬರೆಯುವವರು ಬದಲಾಗುತ್ತಾರೆ, ಚಿತ್ರಿಸುವವರು ಬದಲಾಗುತ್ತಾರೆ, ಓದುವವರ ತಲೆಮಾರುಗಳೂ ಬದಲಾಗುತ್ತವೆ. ಪಾತ್ರಗಳು ಮಾತ್ರ ಉಳಿಯುತ್ತವೆ. ಆ ಪಾತ್ರಗಳ ಒಡೆತನವು ಲೇಖಕನದಲ್ಲ, ಪ್ರಕಾಶನ ಸಂಸ್ಥೆಯದು ಎಂಬುದು ಈ ನಿರಂತರತೆಯ ಆರ್ಥಿಕ ತಳಹದಿ.

ಇಂತಹ ಮಾಲಿಕೆಗಳಲ್ಲಿ ಮಾರ್ವೆಲ್ ಸಂಸ್ಥೆಯ ‘ಎಕ್ಸ್-ಮೆನ್’ ದೀರ್ಘಕಾಲ ಬಾಳಿದ, ಅಷ್ಟೇ ದೀರ್ಘವಾಗಿ ಜಗಳಕ್ಕೆ ವಸ್ತುವಾದ ಮಾಲಿಕೆ. ಅದರ ಅಭಿಮಾನಿ ಅದನ್ನು ಪ್ರೀತಿಸುವಷ್ಟೇ ಅದರ ಮೇಲೆ ದೂರುವವನೂ ಹೌದು. ಹೊರಗಿನವರಿಗೆ ಈ ದೂರು ಹುಡುಗಾಟದಂತೆ ಕಾಣಿಸಬಹುದು. ಬಣ್ಣದ ಉಡುಪು ತೊಟ್ಟು ಆಕಾಶದಲ್ಲಿ ಹಾರುವವರ ಬಗೆಗೆ ವಯಸ್ಕನೊಬ್ಬ ಇಷ್ಟು ಗಂಭೀರವಾಗಿ ಮುನಿಸಿಕೊಳ್ಳುವುದೇಕೆ ಎಂಬ ಪ್ರಶ್ನೆ ಸಹಜ. ಆದರೆ ಆ ಮುನಿಸನ್ನು ಬಿಡಿಸಿ ನೋಡಿದರೆ ಅದರೊಳಗೆ ಕಥನಕಲೆಯ ಒಂದು ಹಳೆಯ ಪ್ರಶ್ನೆ ಅಡಗಿದೆ: ಓದುಗನಿಂದ ಕಣ್ಣೀರನ್ನು ಪಡೆದ ಕಥೆಗೆ ಆ ಕಣ್ಣೀರಿನ ಬಗೆಗೆ ಯಾವ ಹೊಣೆಗಾರಿಕೆಯಿದೆ?

2

‘ಎಕ್ಸ್-ಮೆನ್’ ಮೊದಲ ಸಂಚಿಕೆ 1963ರ ಸೆಪ್ಟೆಂಬರ್ ದಿನಾಂಕವನ್ನು ಹೊತ್ತು ಪ್ರಕಟವಾಯಿತು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಅದರ ಸೃಷ್ಟಿಕರ್ತರು. ಹುಟ್ಟಿನಿಂದಲೇ ವಿಶೇಷ ಶಕ್ತಿಗಳನ್ನು ಪಡೆದ ‘ಮ್ಯೂಟೆಂಟ್’ಗಳು ಮನುಷ್ಯ ಸಮಾಜದ ಭಯಕ್ಕೂ ದ್ವೇಷಕ್ಕೂ ಗುರಿಯಾಗುತ್ತಾರೆ, ಪ್ರೊಫೆಸರ್ ಚಾರ್ಲ್ಸ್ ಝೇವಿಯರ್ ಅಂತಹ ಐವರು ಹರೆಯದವರನ್ನು ತನ್ನ ಶಾಲೆಯಲ್ಲಿ ಸೇರಿಸಿಕೊಂಡು, ತಮ್ಮನ್ನು ದ್ವೇಷಿಸುವ ಲೋಕವನ್ನೇ ರಕ್ಷಿಸುವ ಶಿಕ್ಷಣ ಕೊಡುತ್ತಾನೆ. ಸೈಕ್ಲಾಪ್ಸ್ ಎಂಬ ಸ್ಕಾಟ್ ಸಮ್ಮರ್ಸ್, ಜೀನ್ ಗ್ರೇ, ಬೀಸ್ಟ್, ಏಂಜೆಲ್, ಐಸ್‌ಮ್ಯಾನ್ ಆ ಐವರು. ಎದುರಾಳಿ ಮ್ಯಾಗ್ನೀಟೋ ಮೊದಲ ಸಂಚಿಕೆಯಲ್ಲಿಯೇ ಬರುತ್ತಾನೆ.

ಆರಂಭದ ಈ ಮಾಲಿಕೆ ಗೆಲ್ಲಲಿಲ್ಲ ಎಂಬುದು ಗಮನಾರ್ಹ. 1970ರಲ್ಲಿ 66ನೆಯ ಸಂಚಿಕೆಯೊಂದಿಗೆ ಹೊಸ ಕಥೆಗಳು ನಿಂತವು. ಅನಂತರ 93ನೆಯ ಸಂಚಿಕೆಯವರೆಗೆ ಹಳೆಯ ಕಥೆಗಳ ಮರುಮುದ್ರಣವೇ ನಡೆಯಿತು. ಇಂದಿನ ಅಭಿಮಾನಿ ಪ್ರೀತಿಸುವ ‘ಎಕ್ಸ್-ಮೆನ್’ ನಿಜವಾಗಿ ಹುಟ್ಟಿದ್ದು 1975ರಲ್ಲಿ, ಲೆನ್ ವೈನ್ ಮತ್ತು ಡೇವ್ ಕಾಕ್ರಮ್ ರೂಪಿಸಿದ ಒಂದು ದೊಡ್ಡ ಸಂಚಿಕೆಯ ಮೂಲಕ. ಕೀನ್ಯಾದಿಂದ ಸ್ಟಾರ್ಮ್, ಜರ್ಮನಿಯಿಂದ ನೈಟ್‌ಕ್ರಾಲರ್, ಸೋವಿಯತ್ ರಷ್ಯಾದಿಂದ ಕೊಲೋಸಸ್, ಕೆನಡಾದಿಂದ ವುಲ್ವರಿನ್, ಜಪಾನಿನಿಂದ ಸನ್‌ಫೈರ್, ಐರ್ಲೆಂಡಿನ ಬ್ಯಾನ್ಶೀ, ಅಪಾಚೆ ಬುಡಕಟ್ಟಿನ ಥಂಡರ್‌ಬರ್ಡ್ - ಹೀಗೆ ಬೇರೆ ಬೇರೆ ನೆಲದವರು ಒಂದು ಸೂರಿನಡಿ ಬಂದರು. ಅವರು ಮೊದಲು ಸೇರಿದ್ದು ಕ್ರಕೋವಾ ಎಂಬ ಜೀವಂತ ದ್ವೀಪದಿಂದ ಹಳೆಯ ತಂಡವನ್ನು ಬಿಡಿಸುವುದಕ್ಕಾಗಿ. ಆ ದ್ವೀಪದ ಹೆಸರು ನಾಲ್ಕು ದಶಕಗಳ ಅನಂತರ ಮತ್ತೆ ಬರಲಿದೆ.

ಅದೇ ವರ್ಷ 94ನೆಯ ಸಂಚಿಕೆಯಿಂದ ಬರವಣಿಗೆಯನ್ನು ಕೈಗೆತ್ತಿಕೊಂಡ ಕ್ರಿಸ್ ಕ್ಲೇರ್‌ಮಾಂಟ್ 1991ರವರೆಗೆ ಹದಿನಾರು ವರ್ಷ ಈ ಪಾತ್ರಗಳೊಂದಿಗೆ ಬದುಕಿದ. ಕಂಪನಿಯ ಒಡೆತನದ ಕಥೆಯಲ್ಲಿ ಇಷ್ಟು ದೀರ್ಘಕಾಲ ಒಬ್ಬನೇ ಲೇಖಕ ಉಳಿಯುವುದು ಅಪರೂಪ. ಅವನ ಬರವಣಿಗೆಯಲ್ಲಿ ಮಾತು ಹೆಚ್ಚು ಎಂಬ ಆಕ್ಷೇಪವಿದೆ, ಅದು ಸುಳ್ಳಲ್ಲ. ಆದರೆ ಆ ಮಾತಿನ ಮೂಲಕವೇ ಪಾತ್ರಗಳಿಗೆ ಒಳಗು ದೊರಕಿತು. ಎರಡು ಯುದ್ಧಗಳ ನಡುವೆ ಶಾಲೆಯ ಹಿತ್ತಿಲಲ್ಲಿ ಅವರು ಬೇಸ್‌ಬಾಲ್ ಆಡುತ್ತಾರೆ, ಅಡುಗೆಮನೆಯಲ್ಲಿ ಜಗಳವಾಡುತ್ತಾರೆ, ಒಬ್ಬರ ಹುಟ್ಟೂರಿನ ನೆನಪನ್ನು ಇನ್ನೊಬ್ಬರು ಕೇಳಿಸಿಕೊಳ್ಳುತ್ತಾರೆ. ಅಭಿಮಾನಿಯನ್ನು ಈ ಮಾಲಿಕೆಗೆ ಕಟ್ಟಿಹಾಕಿದ್ದು ಶಕ್ತಿಗಳ ವೈಭವಕ್ಕಿಂತ ಹೆಚ್ಚಾಗಿ ಈ ಕೂಡುಬಾಳು. ರಕ್ತಸಂಬಂಧವಿಲ್ಲದವರು ಕುಟುಂಬವಾಗುವ ಪ್ರಕ್ರಿಯೆಯನ್ನು ತಿಂಗಳಿಗೆ ಇಪ್ಪತ್ತು ಪುಟಗಳಂತೆ, ಅವಸರವಿಲ್ಲದೆ, ಅವನು ನೋಡುತ್ತಾ ಬಂದಿದ್ದಾನೆ. ಕುಟುಂಬವಾದ ಮೇಲೆ ಅಲ್ಲಿ ಸಾವು ಸಂಭವಿಸಿದರೆ ಅದು ಮನೆಯ ಸಾವೇ ಆಗುತ್ತದೆ.

3

ಆ ಸಾವು 1980ರಲ್ಲಿ ಸಂಭವಿಸಿತು. ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಸೇರಿ ಬೆಳೆಸಿದ ‘ಡಾರ್ಕ್ ಫೀನಿಕ್ಸ್’ ಕಥಾಸರಣಿಯಲ್ಲಿ ಜೀನ್ ಗ್ರೇ ಅಪರಿಮಿತ ಶಕ್ತಿಗೆ ವಶಳಾಗಿ, ಹಸಿವಿನ ಭರದಲ್ಲಿ ಒಂದು ನಕ್ಷತ್ರವನ್ನೇ ನುಂಗುತ್ತಾಳೆ. ಅದನ್ನು ಸುತ್ತುತ್ತಿದ್ದ ಗ್ರಹದ ಐನೂರು ಕೋಟಿ ಜೀವಿಗಳು ಸಾಯುತ್ತಾರೆ. ಸೆಪ್ಟೆಂಬರ್ 1980ರ 137ನೆಯ ಸಂಚಿಕೆಯಲ್ಲಿ, ಚಂದ್ರನ ನೆಲದ ಮೇಲೆ, ತನ್ನೊಳಗಿನ ಆ ಶಕ್ತಿ ಮತ್ತೆ ಎಚ್ಚರಗೊಳ್ಳುವುದನ್ನು ಅರಿತು, ಸ್ಕಾಟ್‌ನ ಕಣ್ಣೆದುರಿಗೇ ಅವಳು ತನ್ನ ಪ್ರಾಣವನ್ನು ತೆಗೆದುಕೊಳ್ಳುತ್ತಾಳೆ. ಮುಂದಿನ ಸಂಚಿಕೆಯಲ್ಲಿ ಅವಳ ಶವಸಂಸ್ಕಾರ ನಡೆಯುತ್ತದೆ. ಸ್ಕಾಟ್ ತಂಡವನ್ನು ಬಿಟ್ಟು ಹೊರಡುತ್ತಾನೆ.

ಈ ಅಂತ್ಯ ಲೇಖಕರ ಮೂಲ ಯೋಜನೆಯಾಗಿರಲಿಲ್ಲ ಎಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ. ಜೀನ್ ತನ್ನ ಶಕ್ತಿಯನ್ನು ಕಳೆದುಕೊಂಡು ಬದುಕಿ ಉಳಿಯಬೇಕಿತ್ತು. ಪ್ರಧಾನ ಸಂಪಾದಕನಾಗಿದ್ದ ಜಿಮ್ ಶೂಟರ್, ಐನೂರು ಕೋಟಿ ಜೀವಗಳ ನಾಶಕ್ಕೆ ತಕ್ಕ ಬೆಲೆ ತೆರದೆ ನಾಯಕಿ ಮನೆಗೆ ಮರಳುವುದನ್ನು ಒಪ್ಪಲಿಲ್ಲ. ಅಂತ್ಯ ಬದಲಾಯಿತು. ಕೈಬಿಟ್ಟ ರೂಪ 1984ರಲ್ಲಿ ಪ್ರತ್ಯೇಕ ಸಂಚಿಕೆಯಾಗಿ ಬೆಳಕು ಕಂಡಾಗ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಓದುಗರಿಗೆ ದೊರಕಿತು. ಸಂಪಾದಕೀಯ ಹಸ್ತಕ್ಷೇಪವೆಂದರೆ ಕಲೆಯ ಶತ್ರು ಎಂಬುದು ವಾಡಿಕೆಯ ನಂಬಿಕೆ. ಇಲ್ಲಿ ಮಾತ್ರ ಸಂಸ್ಥೆಯ ನೈತಿಕ ಆಗ್ರಹವೇ ಕಥೆಯನ್ನು ದುರಂತದ ಎತ್ತರಕ್ಕೆ ಏರಿಸಿತು ಎಂದು ಅಭಿಮಾನಿ ಹಿಂಜರಿಯದೆ ಹೇಳುತ್ತಾನೆ.

ಆದರೆ ಆರು ವರ್ಷ ಕಳೆಯುವುದರೊಳಗೆ ಅದೇ ಆಗ್ರಹ ಮತ್ತೊಂದು ಮುಖವನ್ನು ತೋರಿತು. 1986ರಲ್ಲಿ ಮೂಲ ಐವರನ್ನು ಮತ್ತೆ ಸೇರಿಸಿ ‘ಎಕ್ಸ್-ಫ್ಯಾಕ್ಟರ್’ ಎಂಬ ಹೊಸ ಮಾಲಿಕೆಯನ್ನು ಆರಂಭಿಸಲು ಸಂಸ್ಥೆ ತೀರ್ಮಾನಿಸಿತು. ಐವರೆಂದರೆ ಜೀನ್ ಬೇಕು. ಅವಳು ಮರಳಬೇಕಾದರೆ ಅವಳ ಮೇಲೆ ಆ ಮಹಾಪಾತಕದ ಕಲೆಯಿರಬಾರದು. ಇದಕ್ಕೊಂದು ಯುಕ್ತಿ ಹೊಳೆಯಿತು: ನಕ್ಷತ್ರವನ್ನು ನುಂಗಿದ್ದೂ, ಚಂದ್ರನ ಮೇಲೆ ಸತ್ತದ್ದೂ ಜೀನ್ ಅಲ್ಲ, ಅವಳ ರೂಪವನ್ನೂ ನೆನಪನ್ನೂ ತಳೆದ ಒಂದು ವಿಶ್ವಶಕ್ತಿ. ನಿಜವಾದ ಜೀನ್ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ನಿದ್ರಿಸುತ್ತಿದ್ದಳು. ಶಿಕ್ಷೆ ಇರಲೇಬೇಕೆಂದ ನ್ಯಾಯ 1980ರಲ್ಲಿ ದುರಂತವನ್ನು ಕೊಟ್ಟಿತು. ಅದೇ ನ್ಯಾಯದ ಅಕ್ಷರಪಾಲನೆ 1986ರಲ್ಲಿ ಆ ದುರಂತವನ್ನು ರದ್ದುಗೊಳಿಸಿತು. ಅಪರಾಧಿಯೇ ಬೇರೆ ಎಂದಾದ ಮೇಲೆ ಶಿಕ್ಷೆಯ ಪ್ರಶ್ನೆಯೂ ಉಳಿಯಲಿಲ್ಲ, ತ್ಯಾಗದ ಪ್ರಶ್ನೆಯೂ ಉಳಿಯಲಿಲ್ಲ.

4

ಅಭಿಮಾನಿಯ ಮುಖ್ಯ ತಕರಾರು ಇಲ್ಲಿಂದ ಆರಂಭವಾಗುತ್ತದೆ. ಜೀನ್ ಮರಳಿದಳು ಎಂಬುದಷ್ಟೇ ಅವನ ದೂರಲ್ಲ. ಅವಳು ಮರಳುವುದಕ್ಕಾಗಿ ಬದುಕಿದ್ದವರು ತೆತ್ತ ಬೆಲೆ ಅವನನ್ನು ಕಾಡುತ್ತದೆ.

ಜೀನ್ ಸತ್ತ ಅನಂತರದ ವರ್ಷಗಳಲ್ಲಿ ಕ್ಲೇರ್‌ಮಾಂಟ್ ಶೋಕದ ಕಥೆಯನ್ನು ತಾಳ್ಮೆಯಿಂದ ಬೆಳೆಸಿದ್ದ. 1983ರಲ್ಲಿ ಸ್ಕಾಟ್ ಅಲಾಸ್ಕಾದಲ್ಲಿ ಮ್ಯಾಡಲಿನ್ ಪ್ರಯರ್ ಎಂಬ ವಿಮಾನಚಾಲಕಿಯನ್ನು ಕಾಣುತ್ತಾನೆ. ಅವಳು ಜೀನ್‌ಳ ಪ್ರತಿರೂಪದಂತಿದ್ದಾಳೆ. ಸತ್ತವಳ ನೆರಳನ್ನು ಬದುಕಿರುವವಳ ಮೇಲೆ ಹೊದಿಸುವ ತನ್ನ ಮನಸ್ಸನ್ನು ಗೆದ್ದು, ಮ್ಯಾಡಲಿನ್‌ಳನ್ನು ಮ್ಯಾಡಲಿನ್ ಆಗಿಯೇ ಕಾಣಲು ಕಲಿತು, ಸ್ಕಾಟ್ 175ನೆಯ ಸಂಚಿಕೆಯಲ್ಲಿ ಅವಳನ್ನು ಮದುವೆಯಾಗುತ್ತಾನೆ. ಅವರಿಗೊಬ್ಬ ಮಗ ಹುಟ್ಟುತ್ತಾನೆ. ಸೂಪರ್‌ಹೀರೋ ಕಥೆಯೊಳಗೆ ಒಬ್ಬ ನಾಯಕ ಯುದ್ಧವನ್ನು ಬಿಟ್ಟು ಗೃಹಸ್ಥನಾಗಿ ದಡ ಸೇರುವುದು ಸಾಧ್ಯ ಎಂಬ ಭರವಸೆ ಅಲ್ಲಿತ್ತು. ಶೋಕಕ್ಕೆ ಒಂದು ಕೊನೆಯಿದೆ, ಅದರಾಚೆ ಬದುಕಿದೆ ಎಂಬ ಮಾತನ್ನು ಈ ಮಾಲಿಕೆ ಗಟ್ಟಿಯಾಗಿ ಹೇಳಿದ್ದು ಆಗ.

1986ರಲ್ಲಿ ಜೀನ್ ಬದುಕಿದ್ದಾಳೆಂಬ ಸುದ್ದಿ ಬಂದೊಡನೆ ಸ್ಕಾಟ್ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ನ್ಯೂಯಾರ್ಕಿಗೆ ಹೊರಟುಹೋಗುತ್ತಾನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸಜ್ಜನನಾಗಿ ಚಿತ್ರಿತನಾದವನು ಒಂದು ಸಂಚಿಕೆಯಲ್ಲಿ ಅಪರಿಚಿತನಾದ. ಆ ಕೃತ್ಯಕ್ಕೆ ಸಮರ್ಥನೆ ಬೇಕಾಯಿತು. ಸಮರ್ಥನೆಯ ಹೊರೆ ಬಿದ್ದದ್ದು ತೊರೆಯಲ್ಪಟ್ಟವಳ ಮೇಲೆ. ಅವಳು ಮಿಸ್ಟರ್ ಸಿನಿಸ್ಟರ್ ಎಂಬ ಖಳನು ಜೀನ್‌ಳ ಅಂಶದಿಂದ ತಯಾರಿಸಿದ ಪ್ರತಿಕೃತಿ ಎಂದು ಮುಂದೆ ತಿಳಿಸಲಾಯಿತು. 1989ರಲ್ಲಿ ಮುಗಿದ ‘ಇನ್ಫರ್ನೋ’ ಕಥೆಯಲ್ಲಿ ಅವಳು ಪಿಶಾಚಗಣದ ರಾಣಿಯಾಗಿ, ತನ್ನ ಮಗುವನ್ನೇ ಬಲಿಕೊಡಲು ಹೊರಟು, ಸಾಯುತ್ತಾಳೆ. ಗಂಡ ಬಿಟ್ಟುಹೋದವಳನ್ನು ರಾಕ್ಷಸಿಯನ್ನಾಗಿಸಿ ಗಂಡನ ತಪ್ಪನ್ನು ತೊಳೆಯುವ ಈ ತಂತ್ರ ಜನಪ್ರಿಯ ಕಥನದಲ್ಲಿ ಹೊಸದೇನಲ್ಲ. ಆದರೆ ಎಕ್ಸ್-ಮೆನ್ ಎಂಬುದು ಹೊರಗೆ ತಳ್ಳಲ್ಪಟ್ಟವರ ಪರವಾದ ಕಥೆ ಎಂಬ ಹೆಮ್ಮೆಯಿಂದಲೇ ಬೆಳೆದದ್ದು. ತನ್ನ ಸೂರಿನಡಿಯಲ್ಲಿದ್ದ ಒಬ್ಬಳನ್ನು ಅದು ಹೊರಗೆ ತಳ್ಳಿತು ಎಂಬುದು ಅಭಿಮಾನಿಯ ಆಳದ ನೋವು.

5

1986ರ ಬಾಗಿಲು ಒಮ್ಮೆ ತೆರೆದ ಮೇಲೆ ಮುಚ್ಚಲಿಲ್ಲ. 1991ರ ಹೊಸ ‘ಎಕ್ಸ್-ಮೆನ್’ ಮೊದಲ ಸಂಚಿಕೆ, ಜಿಮ್ ಲೀಯ ಚಿತ್ರಗಳೊಂದಿಗೆ, ಐದು ಬಗೆಯ ಹೊದಿಕೆಗಳಲ್ಲಿ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿಗಳಷ್ಟು ಖರ್ಚಾಯಿತು. ಅದರ ಮೂರು ಸಂಚಿಕೆಗಳನ್ನು ಬರೆದು ಕ್ಲೇರ್‌ಮಾಂಟ್ ಹೊರನಡೆದ. ಆ ಬಳಿಕ ಸಾವು ಮಾರಾಟದ ಘಟನೆಯೂ ಆಯಿತು. ಕೊಲೋಸಸ್ 2001ರಲ್ಲಿ, ತನ್ನ ತಂಗಿ ಇಲಿಯಾನಾಳನ್ನು 1993ರಲ್ಲಿ ಕೊಂದಿದ್ದ ಲೆಗಸಿ ವೈರಸ್‌ಗೆ ಮದ್ದಾಗಲೆಂದು ಪ್ರಾಣ ಕೊಟ್ಟ, 2004ರಲ್ಲಿ ಮರಳಿದ. ನೈಟ್‌ಕ್ರಾಲರ್ 2010ರಲ್ಲಿ, ಝೇವಿಯರ್ 2012ರಲ್ಲಿ, ವುಲ್ವರಿನ್ 2014ರಲ್ಲಿ ಸತ್ತರು, ಎಲ್ಲರೂ ಮರಳಿದರು. ಗ್ರಾಂಟ್ ಮಾರಿಸನ್ ಬರೆದ ‘ನ್ಯೂ ಎಕ್ಸ್-ಮೆನ್’ ಕಥೆಯಲ್ಲಿ ಜೀನ್ ಮತ್ತೊಮ್ಮೆ ಸತ್ತಳು, ಅವಳೂ ಮರಳಿದಳು. ಶವಸಂಸ್ಕಾರದ ಪುಟವನ್ನು ನೋಡುವಾಗ ಓದುಗನ ಮನಸ್ಸು ಅಳುವ ಬದಲು ಲೆಕ್ಕ ಹಾಕತೊಡಗಿತು: ಇವನು ಎಷ್ಟು ವರ್ಷಕ್ಕೆ ಮರಳುತ್ತಾನೆ?

ಈ ಲೆಕ್ಕದಲ್ಲಿ ಒಂದು ಅಪವಾದವಿದೆ, ಅದನ್ನು ಅಭಿಮಾನಿ ಮರೆಯುವುದಿಲ್ಲ. 1975ರ ಹೊಸ ತಂಡದ ಅಪಾಚೆ ಯೋಧ ಥಂಡರ್‌ಬರ್ಡ್ ಅದೇ ವರ್ಷ 95ನೆಯ ಸಂಚಿಕೆಯಲ್ಲಿಯೇ ಸತ್ತ. ಅವನು ಶಾಶ್ವತವಾಗಿ ಮರಳಿದ್ದು 2021ರ ಕೊನೆಯಲ್ಲಿ. ಪದೇ ಪದೇ ಮರಳುವ ಬೆಳ್ಳಗಿನ ನಾಯಕರ ನಡುವೆ ಆ ನೆಲದ ಮೂಲನಿವಾಸಿ ಮಾತ್ರ ನಲವತ್ತಾರು ವರ್ಷ ಮಣ್ಣಿನಲ್ಲಿದ್ದ. ಅದರ ಹಿಂದೆ ಯಾರದೋ ದುರುದ್ದೇಶವಿತ್ತೆಂದು ಹೇಳಬೇಕಾಗಿಲ್ಲ. ಜನಪ್ರಿಯತೆಯ ತಕ್ಕಡಿ ಹಾಗೆಯೇ ತೂಗುತ್ತದೆ. ಸಾವು ಎಲ್ಲರನ್ನೂ ಸಮಾನವಾಗಿ ಕಾಣುತ್ತದೆ ಎಂಬ ಲೋಕೋಕ್ತಿ ಈ ಲೋಕದಲ್ಲಿ ಸಲ್ಲದು.

ಈ ಮಾಲಿಕೆಗಳನ್ನು ‘ಆಧುನಿಕ ಪುರಾಣ’ ಎಂದು ಕರೆದು ಈ ತಕರಾರನ್ನು ಬದಿಗೆ ಸರಿಸುವವರಿದ್ದಾರೆ. ಪುರಾಣದಲ್ಲಿ ಸತ್ತವರು ಮತ್ತೆ ಮತ್ತೆ ಬರುವುದಿಲ್ಲವೇ ಎಂಬುದು ಅವರ ವಾದ. ಕನ್ನಡದ ಕಥನ ಪರಂಪರೆಯ ಪರಿಚಯವುಳ್ಳವರಿಗೆ ಈ ಹೋಲಿಕೆಯ ಬಿರುಕು ಬೇಗ ಕಾಣುತ್ತದೆ. ‘ಅಭಿಮನ್ಯು ಕಾಳಗ’ದ ಪ್ರಸಂಗದಲ್ಲಿ ಇಂದು ರಾತ್ರಿ ಚಕ್ರವ್ಯೂಹದಲ್ಲಿ ಬಿದ್ದ ಬಾಲಕ ನಾಳೆ ಬೇರೊಂದು ಊರಿನ ರಂಗಸ್ಥಳದಲ್ಲಿ ಕುಣಿಯುತ್ತಾ ಬರುತ್ತಾನೆ. ಪ್ರೇಕ್ಷಕರಲ್ಲಿ ಯಾರಿಗೂ ಮೋಸ ಹೋದೆವೆಂದು ಅನ್ನಿಸುವುದಿಲ್ಲ. ಪ್ರತಿ ರಾತ್ರಿಯ ಆಟ ತನ್ನಷ್ಟಕ್ಕೆ ಪೂರ್ಣ. ಪ್ರತಿ ರಾತ್ರಿಯೂ ಅವನು ಸಾಯುತ್ತಾನೆ, ಪ್ರತಿ ರಾತ್ರಿಯೂ ಸುಭದ್ರೆಯ ಗೋಳು ನಿಜ. ಪಂಪ, ರನ್ನ, ಕುಮಾರವ್ಯಾಸರು ಒಂದೇ ಭಾರತಕಥೆಗೆ ಮೂರು ರೂಪ ಕೊಟ್ಟರು. ಒಬ್ಬನ ಕಾವ್ಯ ಇನ್ನೊಬ್ಬನ ಕಾವ್ಯವನ್ನು ಸುಳ್ಳಾಗಿಸುವುದಿಲ್ಲ.

ಕಾಮಿಕ್ಸ್ ಮಾಲಿಕೆಯ ಸ್ವರೂಪ ಇದಕ್ಕಿಂತ ಭಿನ್ನ. ಅದು ಒಂದೇ ಅಖಂಡ ಕಥೆಯೆಂದು, ಹಿಂದಿನ ಪ್ರತಿಯೊಂದು ಸಂಚಿಕೆಯೂ ಪಾತ್ರಗಳ ನೆನಪಿನಲ್ಲಿದೆಯೆಂದು ಅದು ಓದುಗನಿಗೆ ಮಾತು ಕೊಟ್ಟಿರುತ್ತದೆ. ಆದ್ದರಿಂದ 1986ರ ಒಂದು ಪುಟಕ್ಕೆ 1980ರ ಪುಟವನ್ನು ಹಿಂದಕ್ಕೆ ಹೋಗಿ ತಿದ್ದುವ ಅಧಿಕಾರವಿದೆ. ಚಂದ್ರನ ಮೇಲೆ ಸತ್ತವಳು ಜೀನ್ ಅಲ್ಲವೆಂದಾಗ ಸುಳ್ಳಾದದ್ದು ಅವಳ ಸಾವಷ್ಟೇ ಅಲ್ಲ, ಸ್ಕಾಟ್‌ನ ಅಳುವೂ ಹೌದು, ಆ ಅಳುವಿನಲ್ಲಿ ಪಾಲುಗೊಂಡ ಓದುಗನ ಅನುಭವವೂ ಹೌದು. ಮರುಕಥನ ಹಳೆಯದನ್ನು ಹಾಗೆಯೇ ಉಳಿಸಿ ಹೊಸದನ್ನು ಕೊಡುತ್ತದೆ; ತಿದ್ದುಪಡಿ ಹಳೆಯದನ್ನು ಕಸಿದುಕೊಳ್ಳುತ್ತದೆ. ಈ ವ್ಯತ್ಯಾಸವನ್ನು ‘ಪುರಾಣ’ ಎಂಬ ಪದ ಮರೆಮಾಚುತ್ತದೆ.

6

ಹಾಗೆಂದು ಮುಗಿಯದಿರುವುದೇ ಈ ಪ್ರಕಾರದ ರೋಗವೆಂದು ತೀರ್ಮಾನಿಸುವುದು ನ್ಯಾಯವಲ್ಲ. ದೀರ್ಘಾಯುಷ್ಯದಿಂದ ಮಾತ್ರ ದೊರಕುವ ಲಾಭವೊಂದಿದೆ. ಅದಕ್ಕೆ ಮ್ಯಾಗ್ನೀಟೋನೇ ಸಾಕ್ಷಿ. 1963ರಲ್ಲಿ ಅವನು ಲೋಕವನ್ನು ಆಳಹೊರಟ ಸಾಧಾರಣ ಖಳ. 1981ರ 150ನೆಯ ಸಂಚಿಕೆಯಲ್ಲಿ ಅವನು ಆಷ್‌ವಿಟ್ಸ್‌ನಿಂದ ಬದುಕಿ ಬಂದವನೆಂದು ತಿಳಿಯುತ್ತದೆ. ತಾನು ಬಹುತೇಕ ಕೊಂದೇಬಿಟ್ಟ ಎಳೆಯ ಹುಡುಗಿ ಕಿಟ್ಟಿ ಪ್ರೈಡ್‌ಳ ಮುಖ ನೋಡಿ ಅವನು ಕುಸಿಯುತ್ತಾನೆ. 1985ರಲ್ಲಿ ಝೇವಿಯರ್ ತನ್ನ ಶಾಲೆಯನ್ನು ಅವನ ಕೈಗೇ ಒಪ್ಪಿಸುತ್ತಾನೆ. ಖಳನೊಬ್ಬ ಗುರುವಾಗಲು ತಗುಲಿದ ಇಪ್ಪತ್ತೆರಡು ವರ್ಷಗಳನ್ನು ಓದುಗ ನಿಜವಾದ ಕಾಲದಲ್ಲಿ ಕಳೆದಿದ್ದಾನೆ. ಈ ಹಿಂದಣ ಸೇರ್ಪಡೆಯೂ ಒಂದು ಬಗೆಯ ತಿದ್ದುಪಡಿಯೇ ಎಂದು ಕೇಳಬಹುದು. ಅದು ಹಳೆಯ ಕೃತ್ಯಗಳನ್ನು ಅಳಿಸಲಿಲ್ಲ, ಅವುಗಳ ತೂಕವನ್ನು ಹೆಚ್ಚಿಸಿತು ಎಂಬುದು ಉತ್ತರ. ಹಿಂದಿನದನ್ನು ಆಳಗೊಳಿಸುವ ಸೇರ್ಪಡೆಗೂ ಹಿಂದಿನದನ್ನು ಟೊಳ್ಳಾಗಿಸುವ ಸೇರ್ಪಡೆಗೂ ಇರುವ ಅಂತರವನ್ನು ಅಭಿಮಾನಿ ಚೆನ್ನಾಗಿ ಬಲ್ಲ.

ಈ ಹಿನ್ನೆಲೆಯಲ್ಲಿ 2019ರ ಪ್ರಯೋಗವನ್ನು ಗಮನಿಸಬೇಕು. ಜೊನಾಥನ್ ಹಿಕ್‌ಮನ್ ಬರೆದ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’ ಜೋಡಿ ಕಥೆಗಳಲ್ಲಿ ಮ್ಯೂಟೆಂಟರು ಕ್ರಕೋವಾ ದ್ವೀಪದಲ್ಲಿ ತಮ್ಮದೇ ರಾಷ್ಟ್ರವನ್ನು ಕಟ್ಟುತ್ತಾರೆ. ಒಂದು ಸಂಚಿಕೆಯಲ್ಲಿ ಸೂರ್ಯನ ಸಮೀಪದ ಶತ್ರುನೆಲೆಯೊಂದರ ಮೇಲೆ ದಾಳಿಗೆ ಹೋದ ಇಡೀ ತಂಡ ಒಬ್ಬೊಬ್ಬರಾಗಿ ಸಾಯುತ್ತದೆ. ಮುಂದಿನದರಲ್ಲಿ ಅವರೆಲ್ಲರೂ ಬೃಹತ್ ಅಂಡಗಳಿಂದ ಹೊರಬರುತ್ತಾರೆ. ಐವರು ಮ್ಯೂಟೆಂಟರ ಶಕ್ತಿಗಳು ಕೂಡಿ ದೇಹವನ್ನು ರೂಪಿಸುತ್ತವೆ. ಝೇವಿಯರ್ ಸೆರೆಬ್ರೋ ಯಂತ್ರದಲ್ಲಿ ಕಾಪಿಟ್ಟ ಮನಸ್ಸನ್ನು ಆ ದೇಹದೊಳಗೆ ಇಳಿಸುತ್ತಾನೆ. ಒಬ್ಬನಿಂದ ಆಗದ್ದು ಐವರ ಕೂಡುದುಡಿಮೆಯಿಂದ ಆಗುತ್ತದೆ ಎಂಬಲ್ಲಿ ತಂಡದ ಕಥೆಯೆಂಬ ಈ ಮಾಲಿಕೆಯ ಮೂಲ ಆಶಯವೇ ಹೊಸ ಆಕೃತಿಯನ್ನು ಪಡೆಯಿತು.

ಮಾರುಕಟ್ಟೆಯ ದೌರ್ಬಲ್ಯವನ್ನೇ ಕಥಾಲೋಕದ ಶಾಸನವನ್ನಾಗಿ ಮಾಡಿದ ಧೈರ್ಯ ಇದು. ಅದಕ್ಕಿಂತ ದೊಡ್ಡದು ಅದರ ನೈತಿಕ ಸಾಧ್ಯತೆ. 2001ರಲ್ಲಿ ಮಾರಿಸನ್ ಬರೆದ ಕಥೆಯಲ್ಲಿ ಜೆನೋಶಾ ದ್ವೀಪದ ಒಂದು ಕೋಟಿ ಅರವತ್ತು ಲಕ್ಷ ಮ್ಯೂಟೆಂಟರು ಹತ್ಯೆಗೀಡಾಗಿದ್ದರು. ಅವರಲ್ಲಿ ಬಹುಪಾಲು ಹೆಸರಿಲ್ಲದವರು, ಹೊದಿಕೆಯ ಮೇಲೆ ಎಂದೂ ಮುಖ ಕಾಣಿಸದವರು. ಕ್ರಕೋವಾದಲ್ಲಿ ಅವರೂ ಮರುಹುಟ್ಟಿನ ಸರದಿಯಲ್ಲಿದ್ದರು. ಮರಳುವ ಹಕ್ಕು ಜನಪ್ರಿಯನ ಸ್ವತ್ತಾಗಿ ಉಳಿಯಲಿಲ್ಲ, ಜನಾಂಗಹತ್ಯೆಗೆ ಬಲಿಯಾದ ಅನಾಮಿಕನ ಪಾಲೂ ಆಯಿತು. 1986ರ ತಪ್ಪಿಗೆ ಮೂವತ್ತಮೂರು ವರ್ಷಗಳ ಅನಂತರ ದೊರೆತ ಅತ್ಯುತ್ತಮ ಉತ್ತರ ಇದೇ ಎಂಬುದು ಅಭಿಮಾನಿಯ ನಿಲುವು.

ಆ ಉತ್ತರ ತನ್ನನ್ನು ತಾನೇ ಪ್ರಶ್ನಿಸಿಕೊಂಡಿತು ಎಂಬುದೂ ಅದರ ಹೆಚ್ಚುಗಾರಿಕೆ. ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯಲೆಂದು ಬಹಿರಂಗ ಕಾಳಗದಲ್ಲಿ ಸಾಯುವ ‘ಕ್ರೂಸಿಬಲ್’ ಎಂಬ ವಿಧಿಯನ್ನು 2020ರ ಒಂದು ಸಂಚಿಕೆ ಚಿತ್ರಿಸಿತು. ಅದನ್ನು ನೋಡುವ ನೈಟ್‌ಕ್ರಾಲರ್, ಕ್ಯಾಥೊಲಿಕ್ ಶ್ರದ್ಧಾವಂತ, ತಳಮಳಗೊಳ್ಳುತ್ತಾನೆ. 2021ರಲ್ಲಿ ಸೈ ಸ್ಪರಿಯರ್ ಬರೆದ ‘ವೇ ಆಫ್ ಎಕ್ಸ್’ನಲ್ಲಿ ಎಳೆಯರು ಸಾವನ್ನು ಆಟವಾಗಿಸಿಕೊಂಡದ್ದನ್ನು ಕಂಡು ಆ ತಳಮಳ ಇನ್ನಷ್ಟು ಬೆಳೆಯುತ್ತದೆ. ಓದುಗನ ಬೇಸರವೇ ಪಾತ್ರದ ಬಾಯಿಂದ ಬಂದಂತಾಯಿತು.

ಎಲ್ಲಕ್ಕಿಂತ ಮಿಗಿಲಾಗಿ ಮ್ಯಾಡಲಿನ್ ಪ್ರಯರ್ ಮತ್ತೆ ಬಂದಳು. 2020ರಲ್ಲಿ ‘ಹೆಲಿಯನ್ಸ್’ ಮಾಲಿಕೆಯಲ್ಲಿ ಅವಳು ಸತ್ತಾಗ, ಪ್ರತಿಕೃತಿಗಳಿಗೆ ಮರುಹುಟ್ಟಿಲ್ಲವೆಂದು ಕ್ರಕೋವಾದ ಆಡಳಿತ ಮಂಡಲಿ ಅವಳನ್ನು ನಿರಾಕರಿಸಿತು. ಎಲ್ಲರನ್ನೂ ಒಳಗೊಳ್ಳುವೆನೆಂದ ರಾಷ್ಟ್ರ ತನ್ನದೇ ಅಸ್ಪೃಶ್ಯಳನ್ನು ಸೃಷ್ಟಿಸಿಕೊಂಡ ಗಳಿಗೆ ಅದು. ಈ ಬಾರಿ ಮಾತ್ರ ಕಥೆ ತನ್ನ ಅನ್ಯಾಯವನ್ನು ಅನ್ಯಾಯವೆಂದೇ ಗುರುತಿಸಿತು. ಸ್ಕಾಟ್‌ನ ತಮ್ಮ ಹ್ಯಾವೋಕ್ ಅವಳ ಪರವಾಗಿ ನಿಂತ. 2021ರ ಕೊನೆಗೆ ಅವಳು ಮರುಹುಟ್ಟು ಪಡೆದಳು. 2022ರಲ್ಲಿ ಇಲಿಯಾನಾ ತನ್ನ ಲಿಂಬೋ ಲೋಕದ ಒಡೆತನವನ್ನು ಅವಳ ಕೈಗಿತ್ತಳು. ಯಾರ ಪ್ರತಿರೂಪವೂ ಅಲ್ಲದ, ಯಾರ ಹೆಂಡತಿಯೂ ಅಲ್ಲದ ಒಂದು ನೆಲೆ ಅವಳಿಗೆ ದಕ್ಕಿತು. ಹಳೆಯ ಗಾಯವನ್ನು ಅಳಿಸದೆ, ಅದರ ಮೇಲೆ ಕೈಯಿಟ್ಟು ಮಾತನಾಡಿದ ಈ ಪುಟಗಳು ಅಭಿಮಾನಿಯ ನಂಬಿಕೆಯನ್ನು ಬಹುಮಟ್ಟಿಗೆ ಮರಳಿಸಿದವು.

7

ಕ್ರಕೋವಾದ ಯುಗ 2024ರ ಜೂನ್‌ನಲ್ಲಿ, ಒಟ್ಟಾರೆ 700ನೆಯದೆಂದು ಎಣಿಸಲಾದ ಸಂಚಿಕೆಯೊಂದಿಗೆ ಮುಗಿಯಿತು. ದ್ವೀಪವೂ ಅದರ ಅನೇಕ ಪ್ರಜೆಗಳೂ ಈ ಲೋಕದಾಚೆಯ ನೆಲೆಯೊಂದಕ್ಕೆ ಸರಿದರು. ಮರುಹುಟ್ಟಿನ ವ್ಯವಸ್ಥೆ ಇಲ್ಲವಾಯಿತು. ಅದೇ ಜುಲೈನಿಂದ ಹೊಸ ಮಾಲಿಕೆಗಳು ಆರಂಭವಾದವು: ಜೆಡ್ ಮೆಕ್‌ಕೇ ಬರೆದ ಕಥೆಯಲ್ಲಿ ಸ್ಕಾಟ್‌ನ ತಂಡ ಅಲಾಸ್ಕಾದಲ್ಲಿ ನೆಲೆಸಿತು, ಗೇಲ್ ಸಿಮೋನ್ ಬರೆದ ಕಥೆಯಲ್ಲಿ ಇನ್ನೊಂದು ತಂಡ ಲೂಯಿಸಿಯಾನಾದ ಒಂದು ಹಳೆಯ ಮನೆಯಲ್ಲಿ ಆಶ್ರಯ ಪಡೆಯಿತು. ಝೇವಿಯರನ ಶಾಲೆ ಮ್ಯೂಟೆಂಟರ ಸೆರೆಮನೆಯಾಯಿತು.

ಹೊಸ ಓದುಗರಿಗೆ ಬಾಗಿಲು ಬೇಕು, ಐದು ವರ್ಷಗಳ ಜಟಿಲ ಕಥೆಯ ಹೊರೆಯನ್ನು ಅವರ ಮೇಲೆ ಹೊರಿಸಬಾರದು ಎಂಬ ವಾದದಲ್ಲಿ ಹುರುಳಿದೆ. ಹಿಕ್‌ಮನ್ ತನ್ನ ಯೋಜನೆ ಪೂರ್ಣವಾಗುವ ಮೊದಲೇ, 2021ರಲ್ಲಿ ಆರಂಭವಾದ ಎರಡನೆಯ ‘ಇನ್ಫರ್ನೋ’ ಮುಗಿಯುತ್ತಲೇ ಹೊರಟದ್ದೂ, ಕೊನೆಯ ವರ್ಷದ ಕಥೆಗಳು ಅವಸರದಲ್ಲಿ ಗಂಟು ಕಟ್ಟಿದ್ದೂ ನಿಜ. ಹೊಸ ಲೇಖಕರ ಕಸುಬಿನ ಬಗೆಗೂ ಅಭಿಮಾನಿಗೆ ಗೌರವವಿದೆ. ಅನಾಥ ಎಳೆಯರನ್ನು ಕಂಡಾಗ ಹಿರಿಯರು ತಡವರಿಸುತ್ತ ಮತ್ತೆ ಗುರುಗಳಾಗುವ ಸಿಮೋನ್‌ಳ ಸನ್ನಿವೇಶಗಳಲ್ಲಿ ಹಳೆಯ ಅಡುಗೆಮನೆಯ ಬಿಸಿ ಇದೆ. ಅವನ ದೂರು ಬೇರೆ. ಸ್ವಂತ ನೆಲವನ್ನು ಕಟ್ಟಿಕೊಂಡ ಸಮುದಾಯವನ್ನು ಮತ್ತೆ ಓಡಿಹೋಗಿ ಅಡಗುವ ಸ್ಥಿತಿಗೆ ತಂದಾಗ, ದಮನಿತರ ಕಥೆಯೆಂದರೆ ಅವರು ಸದಾ ದಮನಿತರಾಗಿಯೇ ಇರಬೇಕಾದ ಕಥೆ ಎಂಬ ಅರ್ಥ ಹೊರಡುತ್ತದೆ. ರೂಪಕದ ಬಾಳಿಕೆಗಾಗಿ ಜನರನ್ನು ಬಲಿಕೊಟ್ಟಂತೆ ಅದು ತೋರುತ್ತದೆ. ಹೊಸ ಅಧ್ಯಾಯಕ್ಕೆ ‘ಬೂದಿಯಿಂದ’ ಎಂಬರ್ಥದ ಶೀರ್ಷಿಕೆಯಿಟ್ಟದ್ದು ಸರಿಯೇ. ಆದರೆ ಉರಿದದ್ದು ಏನು ಎಂಬ ನೆನಪು ಆ ಬೂದಿಯಲ್ಲಿರಬೇಕು.

ಆ ನೆನಪನ್ನು ಹೇಗೆ ಕಾಪಾಡಬಹುದು ಎಂಬುದಕ್ಕೆ ಇದೇ ಮಾಲಿಕೆಯೊಳಗೆ ಮಾದರಿಯಿದೆ. ಕ್ರಕೋವಾ ಕಾಲದಲ್ಲಿ ಮ್ಯಾಗ್ನೀಟೋ ಮರುಹುಟ್ಟಿನ ಹಕ್ಕನ್ನು ತಾನಾಗಿ ತ್ಯಜಿಸಿ 2022ರಲ್ಲಿ ಸತ್ತ. 2024ರ ಆರಂಭದಲ್ಲಿ ಆಲ್ ಯೂಯಿಂಗ್ ಬರೆದ ನಾಲ್ಕು ಸಂಚಿಕೆಗಳ ಕಥೆಯಲ್ಲಿ ಸ್ಟಾರ್ಮ್ ಅವನನ್ನು ಹುಡುಕಿಕೊಂಡು ಸಾವಿನ ಆಚೆಗೆ ಹೋಗುತ್ತಾಳೆ. ಅಲ್ಲಿ ಯುಕ್ತಿಯ ಕೋಶವಿಲ್ಲ, ‘ಸತ್ತವನು ಅವನಲ್ಲ’ ಎಂಬ ಜಾಣತನವಿಲ್ಲ. ತನ್ನ ಕೃತ್ಯಗಳ ಹೊರೆಯನ್ನು ಎದುರಿಸಿದ ಮೇಲೆಯೇ ಅವನು ಮರಳಲು ಒಪ್ಪುತ್ತಾನೆ. ಅವನ ಸಾವು ಸಾವಾಗಿಯೇ ಉಳಿಯಿತು, ಮರಳುವಿಕೆಗೆ ಬೆಲೆಯೂ ತೆತ್ತಂತಾಯಿತು.

ಹೀಗೆ ನೋಡಿದಾಗ ಅಭಿಮಾನಿಯ ಬೇಡಿಕೆ ಸರಳವಾದದ್ದು. ಮಾಲಿಕೆ ಮುಗಿಯಲೆಂದು ಅವನು ಬಯಸುವುದಿಲ್ಲ; ಮುಗಿಯದೆಂಬುದನ್ನು ಒಪ್ಪಿಕೊಂಡೇ ಅವನು ಓದುತ್ತಾನೆ. ಸತ್ತವರು ಮರಳುವುದಕ್ಕೂ ಅವನ ಅಡ್ಡಿಯಿಲ್ಲ. ಅವರು ಮರಳುವಾಗ ಅವರಿಗಾಗಿ ಅತ್ತವರ ಬದುಕು ಸುಳ್ಳಾಗಬಾರದು, ಅವರ ಜಾಗದಲ್ಲಿ ಬಂದು ನಿಂತವರನ್ನು ಹೊರಗಟ್ಟಬಾರದು ಎಂಬುದಷ್ಟೇ ಅವನ ಕೋರಿಕೆ. ಅಲಾಸ್ಕಾದಲ್ಲಿ ಸ್ಕಾಟ್ ಸಮ್ಮರ್ಸ್ ಮತ್ತೆ ಮನೆ ಮಾಡಿರುವುದನ್ನು ಓದುವಾಗ, ಆ ಹಿಮದ ನಾಡಿನಲ್ಲಿ ಒಮ್ಮೆ ವಿಮಾನ ಹಾರಿಸುತ್ತಿದ್ದ ಹೆಣ್ಣೊಬ್ಬಳು ಅವನಿಗೆ ನೆನಪಾಗುತ್ತಾಳೆ. ಕಥೆಗೂ ಅವಳು ನೆನಪಿರಬೇಕೆಂದು ಅವನು ಬಯಸುತ್ತಾನೆ.